ಉಪ್ಪು ಕಾಗದ

ಕಾರಿನ ಹಿಂದಿನ ಚಕ್ರದ ಮೇಲ್ಗಡೆ ಬಣ್ಣದಲ್ಲಿ ಒಂದು ಗುಳ್ಳೆ ಎದ್ದಿತ್ತು. ಕಡಲೆಕಾಳಿನಷ್ಟು. ಸ್ಕ್ರೂಡ್ರೈವರಿನ ತುದಿಯಿಂದ ಸುಮ್ನೆ ಒತ್ತಿ ನೋಡಿದೆ. ತುದಿ ಸೀದಾ ಒಳಗೆ ಹೋಯಿತು. ತಗಡು ಇರಬೇಕಾದಲ್ಲಿ ತಗಡು ಇರಲಿಲ್ಲ. ಕೆಂಪು ಹುಡಿ ಉದುರಿತು. ಅದರ ಬೆನ್ನಿಗೇ ಅರ್ಧ ಬೆರಳು ದಪ್ಪದ ಪುಟ್ಟಿಯ ತುಂಡೊಂದು ಕಳಚಿ ಅಂಗೈಗೆ ಬಂತು. ಹೊರಮೈ ಬೆಳ್ಳಗೆ ಹೊಳೆಯುತ್ತಿತ್ತು. ಒಳಮೈ ಒದ್ದೆಯಾಗಿತ್ತು.

ಇದು ಅಪ್ಪನ ಮಾರುತಿ 800. 1997ರಲ್ಲಿ ತೆಗೆದದ್ದು. ಬಿಳಿ ಬಣ್ಣ, ಕೆಎಲ್ 14, ಕಾಸರಗೋಡಿನ ನಂಬರು. ನಮ್ಮ ಮನೆ ಕುಂಬಳೆಯಿಂದ ಬದಿಯಡ್ಕಕ್ಕೆ ಹೋಗುವ ದಾರಿಯಲ್ಲಿ ಸ್ವಲ್ಪ ಒಳಗೆ. ಅಜ್ಜಿಯನ್ನು ಮಂಗಳೂರಿನ ಆಸ್ಪತ್ರೆಗೆ ಕರೆದುಕೊಂಡು ಹೋದದ್ದು, ತಂಗಿಯ ಮದುವೆಗೆ ಜವಳಿ ತಂದದ್ದು, ನಾನು ಮಾಸ್ಟ್ರ ಕೆಲಸಕ್ಕೆ ಸೇರಿದ ಮೊದಲ ದಿನ ಶಾಲೆಯ ಗೇಟಿನ ಎದುರು ಇಳಿದದ್ದು, ಎಲ್ಲವೂ ಇದರಲ್ಲೇ. ಅಪ್ಪನಿಗೆ ಈಗ 78. ಮೊಣಕಾಲು ನೋವು. ಕಾರು ಬಿಡುವುದನ್ನು ನಿಲ್ಲಿಸಿ ಐದು ವರ್ಷ ಆಯಿತು. ಕಾರು ಹಳೆ ಹಟ್ಟಿಯಲ್ಲಿ ನಿಂತಿದೆ.

2011ರಲ್ಲಿ ಒಮ್ಮೆ ಇದಕ್ಕೆ ಪೂರ್ತಿ ಪೈಂಟ್ ಮಾಡಿಸಿದ್ದೆವು. ಯಾವ ವರ್ಕ್‌ಶಾಪ್ ಅಂತ ಹೇಳುವುದು ಬೇಡ. ಹತ್ತೇ ದಿನದಲ್ಲಿ ಕಾರು ಹೊಸದರ ಹಾಗೆ ಬಂತು. ಎರಡು ಮಳೆಗಾಲ ಕಳೆಯುವಾಗ ಅಲ್ಲಲ್ಲಿ ಗುಳ್ಳೆ. ತುಕ್ಕನ್ನು ಪೂರ್ತಿ ತೆಗೆಯದೆ ಅದರ ಮೇಲೇ ಪುಟ್ಟಿ ಮೆತ್ತಿದ್ದರು. ಪುಟ್ಟಿಗೆ ನೀರು ಕುಡಿಯುವ ಗುಣ ಇದೆ. ಪಾಲಿಯೆಸ್ಟರ್ ರಾಳಕ್ಕೆ ಸೋಪುಕಲ್ಲಿನ ಹುಡಿ ಸೇರಿಸಿ ಮಾಡಿದ ವಸ್ತು ಅದು. ಮೇಲೆ, ಬಣ್ಣಕ್ಕೆ ಮೊದಲು ಹೊಡೆಯುವ ಪ್ರೈಮರ್ ಸರಿಯಾಗಿ ಇಲ್ಲದಿದ್ದರೆ ತೇವ ಎಳೆದುಕೊಂಡು ತಗಡಿಗೆ ಅಂಟಿಸಿಯೇ ಇಟ್ಟುಕೊಳ್ಳುತ್ತದೆ. ವರ್ಷಕ್ಕೆ ಮೂರೂವರೆ ಸಾವಿರ ಮಿಲಿಮೀಟರಿನಷ್ಟು ಮಳೆ ಸುರಿಯುವ ನಮ್ಮ ಜಿಲ್ಲೆಯಲ್ಲಿ ಆಮೇಲೆ ಏನಾಗುತ್ತದೆ ಅಂತ ನನ್ನ ಅಂಗೈಯಲ್ಲೇ ಇತ್ತು.

ಈ ಸಲ ನಾನೇ ಮಾಡುತ್ತೇನೆ ಅಂತ ತೀರ್ಮಾನಿಸಿದೆ. ಆದರೆ ಕಲಿಸುವವರು ಬೇಕಲ್ಲ. ಸೀತಾಂಗೋಳಿ ಕಡೆ ಒಬ್ಬರು ಹಳೆ ಪೈಂಟರ್ ಇದ್ದಾರೆ. ಶಾರ್ಜಾದ ಗ್ಯಾರೇಜೊಂದರಲ್ಲಿ ಇಪ್ಪತ್ತೆರಡು ವರ್ಷ ಕೆಲಸ ಮಾಡಿ ಬಂದವರು. ಎಲ್ಲರೂ ಅವರನ್ನು ಇಚ್ಚ ಅನ್ನುತ್ತಾರೆ, ನಾನೂ ಹಾಗೇ ಕರೆಯುವುದು. ಅವರು ಮಲಯಾಳದಲ್ಲಿ ಮಾತಾಡುತ್ತಾರೆ, ನಾನು ಕನ್ನಡದಲ್ಲಿ. ಕೆಲಸದ ನಡುವೆ ಇಬ್ಬರೂ ತುಳುವಿಗೆ ಬರುತ್ತೇವೆ. ಅದು ನಮ್ಮ ಊರಿನ ಕ್ರಮ. ಅವರು ಬಂದು ಕಾರಿನ ಸುತ್ತ ಒಂದು ಸುತ್ತು ಹಾಕಿದರು. ಕೈಯಲ್ಲಿ ಏನೂ ಇಲ್ಲ. ಬೆರಳ ಗಂಟಿನಿಂದ ಅಲ್ಲಲ್ಲಿ ತಟ್ಟಿದರು. ಗಟ್ಟಿ ತಗಡು ಟಣ್ ಅನ್ನುತ್ತದೆ, ಪುಟ್ಟಿ ತುಂಬಿದ ಜಾಗ ಮಂದವಾಗಿ ಡಬ್ ಅನ್ನುತ್ತದೆ.

"ಉಜ್ಜುವುದು ನೀವು ಮಾಷೆ. ಸ್ಪ್ರೇ ಗನ್ ನಾನು ಹಿಡಿಯುತ್ತೇನೆ" ಅಂದರು. ಒಪ್ಪಂದ ಅಷ್ಟೇ.

ಉಜ್ಜುವುದು ಅಂದರೆ ಉಪ್ಪು ಕಾಗದ (ಸ್ಯಾಂಡ್‌ಪೇಪರ್) ಹಿಡಿಯುವುದು ಅಂದುಕೊಂಡಿದ್ದೆ. ಇಚ್ಚ ಮೊದಲ ದಿನ ಕಾಗದವನ್ನು ಮುಟ್ಟಲೇ ಬಿಡಲಿಲ್ಲ. ಸೋಪು ನೀರಿನಿಂದ ತೊಳೆಸಿದರು. ಆಮೇಲೆ ಜಿಡ್ಡು ತೆಗೆಯುವ ದ್ರಾವಣವನ್ನು ಒಂದು ಬಟ್ಟೆಯಲ್ಲಿ ಹಚ್ಚಿ, ಒಣಗುವ ಮೊದಲೇ ಇನ್ನೊಂದು ಬಟ್ಟೆಯಲ್ಲಿ ಒರೆಸಬೇಕು. ವರ್ಷಗಟ್ಟಲೆ ಹಾಕಿದ ಪಾಲಿಶು, ಡ್ಯಾಶ್‌ಬೋರ್ಡಿಗೆ ಹೊಡೆಯುವ ಸ್ಪ್ರೇಯ ಸಿಲಿಕೋನು, ಎಲ್ಲ ಮೇಲೇ ಕೂತಿರುತ್ತದೆ. ಅದನ್ನು ತೆಗೆಯದೆ ಉಜ್ಜಿದರೆ ಜಿಡ್ಡು ಗೀರುಗಳ ಒಳಗೆ ಇಳಿಯುತ್ತದೆ. ಆಮೇಲೆ ಬಣ್ಣ ಹೊಡೆದಾಗ ಮೀನಿನ ಕಣ್ಣಿನಂಥ ಗುಂಡಗಿನ ಕುಳಿಗಳು ಬೀಳುತ್ತವೆ. ಬಣ್ಣ ಅಲ್ಲಿಂದ ದೂರ ಸರಿಯುತ್ತದೆ, ಎಷ್ಟು ಹೊಡೆದರೂ ಕೂರುವುದಿಲ್ಲ.

ಎರಡನೇ ದಿನ ನನಗೆ ಹುರುಪು ಜಾಸ್ತಿ. 80 ನಂಬರಿನ ಒರಟು ಕಾಗದ ಹಿಡಿದು ಬಾನೆಟ್ ಇಡೀ ತಗಡಿನವರೆಗೆ ಕೆರೆದು ಬಿಡುವ ಅಂತ ಹೊರಟೆ. ಹಳೆಯದೆಲ್ಲ ಹೋಗಲಿ, ಬುಡದಿಂದ ಶುರು ಮಾಡುವ ಅನ್ನುವ ಆಸೆ. ಇಚ್ಚ ಕೈ ಹಿಡಿದು ನಿಲ್ಲಿಸಿದರು.

"ಎಂತಕ್ಕೆ ಮಾಷೆ? ಹಿಡಿದುಕೊಂಡದ್ದನ್ನು ಬಿಡಿ. ಬಿಟ್ಟುಕೊಂಡದ್ದನ್ನು ತೆಗೆಯಿರಿ."

ಈ ಒಂದು ಮಾತು ಅರ್ಥವಾಗಲು ನನಗೆ ಎರಡು ವಾರ ಬೇಕಾಯಿತು. ಈ ಬರಹ ಬರೆಯುತ್ತಿರುವುದೂ ಅದಕ್ಕಾಗಿಯೇ.

ಕಾರ್ಖಾನೆಯಲ್ಲಿ ಕಾರಿನ ಮೈಗೆ ಮೊದಲ ಪ್ರೈಮರ್ ಕೊಡುವ ಕ್ರಮವೇ ಬೇರೆ. ಇಡೀ ಬಾಡಿಯನ್ನು ದೊಡ್ಡ ತೊಟ್ಟಿಯಲ್ಲಿ ಮುಳುಗಿಸಿ ಕರೆಂಟು ಹಾಯಿಸುತ್ತಾರೆ. ಪ್ರೈಮರಿನ ಕಣಗಳು ತಗಡಿನ ಸಂದುಗೊಂದುಗಳಲ್ಲೂ ಹೋಗಿ ಕೂರುತ್ತವೆ. ಆಮೇಲೆ ದೊಡ್ಡ ಒಲೆಯೊಳಗೆ ಸುಮಾರು 170 ಡಿಗ್ರಿ ಬಿಸಿಯಲ್ಲಿ ಬೇಯಿಸುತ್ತಾರೆ. ಆ ಪದರದ ದಪ್ಪ ಸುಮಾರು 20 ಮೈಕ್ರಾನ್. ನಮ್ಮ ತಲೆಕೂದಲಿನ ಮೂರನೇ ಒಂದು ಪಾಲಿನಷ್ಟು. ಮೇಲಿನ ಬಣ್ಣ ಎಲ್ಲ ಸೇರಿದರೂ ನೂರು, ನೂರಿಪ್ಪತ್ತು ಮೈಕ್ರಾನ್. ಇಷ್ಟು ತೆಳ್ಳಗಿನ ವಸ್ತು ಕಾಲು ಶತಮಾನ ತಡೆದಿದೆ. ಆ ಕೆಲಸವನ್ನು ನಮ್ಮ ಅಂಗಳದಲ್ಲಿ ಯಾರೂ ಮಾಡಲಾರರು. ಗಟ್ಟಿಯಾಗಿ ಕೂತಿರುವ ಕಾರ್ಖಾನೆಯ ಪದರವನ್ನು ಹುರುಪಿನಲ್ಲಿ ಕೆರೆದು ತೆಗೆದರೆ, ಅದಕ್ಕಿಂತ ಒಳ್ಳೆಯದನ್ನು ನಾನು ಮತ್ತೆ ಕೊಡಲಾರೆ.

ಹಿಡಿದುಕೊಂಡಿದೆಯೋ ಬಿಟ್ಟಿದೆಯೋ ತಿಳಿಯುವುದು ಹೇಗೆ? ಇಚ್ಚ ತೋರಿಸಿದ ಪರೀಕ್ಷೆಗಳು ತುಂಬ ಸರಳ. ಬಟ್ಟೆಗೆ ಥಿನ್ನರ್ ಹಾಕಿ ಬಣ್ಣದ ಮೇಲೆ ಸ್ವಲ್ಪ ಹೊತ್ತು ಉಜ್ಜಿದರು. 2011ರ ಬಿಳಿ ಕರಗಿ ಬಟ್ಟೆಗೆ ಬಂತು. ಅದು ಹಳೆ ಕಾಲದ ಎನ್‌ಸಿ, ಅಂದರೆ ನೈಟ್ರೋಸೆಲ್ಯುಲೋಸ್ ಪೈಂಟ್. ಹಳೆ ಪೈಂಟರುಗಳ ಬಾಯಲ್ಲಿ ಇನ್ನೂ ಇರುವ 'ಡ್ಯೂಕೋ' ಇದೇ. 1920ರ ದಶಕದಲ್ಲಿ ಅಮೆರಿಕದ ಡ್ಯೂಪಾಂಟ್ ಕಂಪನಿ ಹೊರತಂದ ಲ್ಯಾಕರಿನ ಹೆಸರು ಅದು. ಅದಕ್ಕೂ ಮೊದಲು ವಾರ್ನಿಶ್ ಹಚ್ಚಿದ ಕಾರು ಒಣಗಲು ವಾರಗಟ್ಟಲೆ ಬೇಕಿತ್ತಂತೆ. ಬೇಗ ಒಣಗುವುದು ಅದರ ಗುಣ, ಥಿನ್ನರಿಗೆ ಮತ್ತೆ ಕರಗುವುದು ಅದರ ದೋಷ. ಅದರ ಮೇಲೆ ಹೊಸ ಪೈಂಟ್ ಹೊಡೆದರೆ ಕೆಳಗಿನದು ಮೆತ್ತಗಾಗಿ ಸುಕ್ಕು ಬೀಳುತ್ತದೆ. ಹಾಗಾಗಿ 2011ರದ್ದು ಪೂರ್ತಿ ಹೋಗಬೇಕು. ಅದರ ಕೆಳಗಿನ 1997ರ ಬಿಳಿ ಥಿನ್ನರಿಗೆ ಜಗ್ಗಲಿಲ್ಲ. ಬ್ಲೇಡಿನ ಅಂಚಿನಿಂದ ಗೀರಿದರೂ ಪದರ ಏಳಲಿಲ್ಲ. ಅದು ಉಳಿಯಬೇಕು.

ತಗಡು ಕಂಡ ಜಾಗದ ಸುತ್ತ ಬಣ್ಣದ ಅಂಚನ್ನು ಇಳಿಜಾರು ಮಾಡುವುದೇ ದೊಡ್ಡ ಕೆಲಸ. ಮೆಟ್ಟಿಲು ಉಳಿಯಬಾರದು. 120, ಆಮೇಲೆ 180, ಆಮೇಲೆ 240. ನಂಬರು ಏರಿದ ಹಾಗೆ ಹರಳು ಸಣ್ಣ. ಹಾರಿಕೆ ಹಾಕಬಾರದು. 80ರ ಗೀರನ್ನು 320ರ ಕಾಗದ ತೆಗೆಯುವುದಿಲ್ಲ, ಅಂಚು ಸವರಿ ಮುಚ್ಚಿ ಬಿಡುತ್ತದೆ ಅಷ್ಟೇ. ಬಣ್ಣ ಒಣಗಿ ಕುಗ್ಗಿದ ಮೇಲೆ ಅದೇ ಗೀರು ಎದ್ದು ಕಾಣುತ್ತದೆ. ಹೀಗೆ ಇಳಿಜಾರು ಮಾಡುತ್ತಾ ಹೋದಾಗ ಪದರಗಳೆಲ್ಲ ಉಂಗುರಗಳಾಗಿ ತೆರೆದುಕೊಂಡವು. ನಡುವೆ ಹೊಳೆಯುವ ತಗಡು. ಅದರ ಸುತ್ತ ಕೂದಲೆಳೆಯಂಥ ಬೂದು ಗೆರೆ. ಆಮೇಲೆ ಕಾರ್ಖಾನೆಯ ಹಾಲು ಬಿಳಿ. ಆಮೇಲೆ 2011ರ ಸುಣ್ಣದ ಬಿಳಿ. ಮರದ ಕೊರಡಿನಲ್ಲಿ ವರ್ಷಗಳನ್ನು ಎಣಿಸಿದ ಹಾಗೆ ನಾನು ಆ ಉಂಗುರಗಳನ್ನು ನೋಡುತ್ತಾ ಕೂತೆ. ಬೂದು ಗೆರೆಯ ಕಾಲಕ್ಕೆ ಅಜ್ಜಿ ಇದ್ದರು. ಹೊರಗಿನ ಬಿಳಿಯ ಕಾಲಕ್ಕೆ ಇರಲಿಲ್ಲ.

ತುಕ್ಕಿಗೆ ಕಾರಣ ಹುಡುಕುತ್ತಾ ಹೋದರೆ ನಮ್ಮ ಮನೆಯ ಕಥೆಯೇ ಬರುತ್ತದೆ. ಕಾರಿನ ಎಡಮೈ ಬಲಮೈಗಿಂತ ಜಾಸ್ತಿ ಹಾಳಾಗಿತ್ತು. ಯಾಕೆ ಅಂತ ನನಗೆ ತಿಳಿಯಲಿಲ್ಲ. ಜಗಲಿಯಲ್ಲಿ ಕೂತಿದ್ದ ಅಪ್ಪ ಹೇಳಿದರು. ಮೊದಲ ಆರು ವರ್ಷ ಅವರು ಕುಂಬಳೆಯಲ್ಲಿ ಅಂಗಡಿ ಇಟ್ಟಿದ್ದರು. ಬೆಳಗ್ಗಿನಿಂದ ಸಂಜೆವರೆಗೆ ಕಾರು ಒಂದೇ ಜಾಗದಲ್ಲಿ, ಎಡಬದಿ ಕಡಲಿಗೆ ಮುಖ ಮಾಡಿ ನಿಲ್ಲುತ್ತಿತ್ತು. ಕಬ್ಬಿಣ ತುಕ್ಕು ಹಿಡಿಯಲು ನೀರು ಮತ್ತು ಗಾಳಿ ಸಾಕು. ಆ ನೀರಿನಲ್ಲಿ ಉಪ್ಪಿದ್ದರೆ ವಿದ್ಯುತ್ತು ಸಲೀಸಾಗಿ ಹರಿಯುತ್ತದೆ, ತುಕ್ಕು ಓಡುತ್ತದೆ. ಕಡಲ ಗಾಳಿ ದಿನಾ ಒಂದು ಕೈ ಉಪ್ಪು ಸವರುತ್ತಿತ್ತು. ಇಷ್ಟು ವರ್ಷದ ಮೇಲೆ ಅದನ್ನು ಬಿಡಿಸುತ್ತಿರುವುದು ಉಪ್ಪು ಕಾಗದ. ಅದರಲ್ಲಿ ಉಪ್ಪಿಲ್ಲ. ಕಲ್ಲುಪ್ಪಿನ ಹಾಗೆ ತರಿತರಿ ಇರುವುದರಿಂದ ಆ ಹೆಸರು ಬಂದಿರಬೇಕು ಅಂತ ನನಗೆ ಅನಿಸುತ್ತದೆ.

ಡಿಕ್ಕಿಯ ತಳದ ಕಥೆ ಇನ್ನೂ ವಿಚಿತ್ರ. ಅಲ್ಲಿ ನೆಲವೇ ಜರಡಿಯಾಗಿತ್ತು. ಕಡಲಿನ ಉಪ್ಪು ಅಲ್ಲಿಗೆ ತಲುಪುವುದಿಲ್ಲ. ಮ್ಯಾಟ್ ಎತ್ತಿದಾಗ ಮೂಲೆಯಲ್ಲಿ ನೀಲಿ ಹರಳುಗಳು ಕಂಡವು. ಮೈಲುತುತ್ತು! ಅಡಿಕೆಗೆ ಕೊಳೆರೋಗ ಬರದ ಹಾಗೆ, ಇದನ್ನೂ ಸುಣ್ಣವನ್ನೂ ನೀರಿನಲ್ಲಿ ಬೆರೆಸಿ ಮಾಡುವ ಬೋರ್ಡೋ ಬಿಡಲು ಅಪ್ಪ ಪ್ರತಿ ವರ್ಷ ಪೇಟೆಯಿಂದ ತರುತ್ತಿದ್ದದ್ದು ಇದೇ ಡಿಕ್ಕಿಯಲ್ಲಿ. ತೋಟ ಇರುವವರಿಗೆಲ್ಲ ಒಂದು ವಿಷಯ ಗೊತ್ತು. ಬೋರ್ಡೋ ಬೆರೆಸಿದ ಮೇಲೆ ಹೊಳೆಯುವ ಕತ್ತಿಯನ್ನು ಅದರಲ್ಲಿ ಅದ್ದಿ ನೋಡುತ್ತೇವೆ. ಕತ್ತಿಯ ಮೇಲೆ ಕೆಂಪು ಕೂತರೆ ಸುಣ್ಣ ಸಾಲದು ಅಂತ ಲೆಕ್ಕ. ಆ ಕೆಂಪು, ಮೈಲುತುತ್ತಿನಲ್ಲಿರುವ ತಾಮ್ರ. ತಾಮ್ರ ಬಂದು ಕೂರುವಾಗ ಅಷ್ಟೇ ಕಬ್ಬಿಣ ಕರಗಿ ನೀರಿಗೆ ಹೋಗುತ್ತದೆ. ಚೀಲದಿಂದ ಚೆಲ್ಲಿದ ಹರಳು, ಮಳೆಗಾಲದ ತೇವ, ಕೆಳಗೆ ತಗಡು. ಕತ್ತಿಯ ಪರೀಕ್ಷೆ ನಮ್ಮ ಡಿಕ್ಕಿಯಲ್ಲಿ ವರ್ಷಗಟ್ಟಲೆ ನಡೆದಿತ್ತು. ತಳಕ್ಕೆ ಹೊಸ ತಗಡು ವೆಲ್ಡ್ ಮಾಡಿಸಬೇಕಾಯಿತು. ಅದು ಟಿಂಕರಿಂಗ್‌ನವರ ಕೆಲಸ, ಎರಡು ದಿನದಲ್ಲಿ ಮುಗಿಯಿತು.

ಹೊಸ ಪುಟ್ಟಿಯನ್ನು ಇಚ್ಚ ತುಂಬ ಜಿಪುಣತನದಿಂದ ಹಾಕಿದರು. ತಗಡಿನ ತಗ್ಗನ್ನು ಒಳಗಿನಿಂದ ತಟ್ಟಿ ತಂದ ಮೇಲೆ ಉಳಿದ ಎರಡು ಮಿಲಿಮೀಟರಿಗೆ ಮಾತ್ರ. ಹಾರ್ಡನರನ್ನೂ ಅಳೆದು. ಜಾಸ್ತಿಯಾದರೆ ಬೇಗ ಗಟ್ಟಿಯಾಗುತ್ತದೆ ಅಂತ ಕೆಲವರು ಸುರಿಯುತ್ತಾರೆ, ಆಮೇಲೆ ಅದು ಮೇಲಿನ ಬಣ್ಣಕ್ಕೆ ಕಲೆಯಾಗಿ ಏರುತ್ತದೆ. ಪುಟ್ಟಿಯನ್ನು ಒಣಗಿದ್ದಾಗಲೇ ಉಜ್ಜಬೇಕು, ನೀರು ಹಾಕಬಾರದು. ಹುಡಿ ಏಳುತ್ತದೆ, ಮಾಸ್ಕ್ ಬೇಕೇ ಬೇಕು. ಇಚ್ಚ ಇದನ್ನು ಗದರಿಸಿಯೇ ಹೇಳಿದರು. ಅವರಿಗೆ ಬಿಡದ ಕೆಮ್ಮು ಇದೆ. ಶಾರ್ಜಾದಲ್ಲಿ ಮೊದಲ ವರ್ಷಗಳಲ್ಲಿ ಮೂಗಿಗೆ ಒಂದು ಟವೆಲು ಕಟ್ಟಿಕೊಂಡು ಕೆಲಸ ಮಾಡಿದವರು ಅವರು.

ನೀರು ಹಾಕಿ ಉಜ್ಜುವ ಕಪ್ಪು ಕಾಗದ, ನಮ್ಮ ವಾಟರ್ ಪೇಪರ್, ಹುಟ್ಟಿದ ಕಥೆಯಲ್ಲೂ ಈ ಹುಡಿ ಇದೆ. ಅದರ ಹರಳು ಸಿಲಿಕಾನ್ ಕಾರ್ಬೈಡ್. ಅಮೆರಿಕದ ಎಡ್ವರ್ಡ್ ಅಚೆಸನ್ 1891ರಲ್ಲಿ ಮಾಡಿದ ಕೃತಕ ಹರಳು. ಫ್ರಾನ್ಸಿಸ್ ಓಕಿ ಎಂಬವರು ನೀರಿಗೆ ಬಿಚ್ಚಿಕೊಳ್ಳದ ಕಾಗದ ಮಾಡುವ ದಾರಿ ಕಂಡುಹಿಡಿದರು. ತ್ರೀಎಂ ಕಂಪನಿ 1921ರಲ್ಲಿ ಅದನ್ನು ಮಾರಾಟಕ್ಕೆ ತಂದಿತು. ಅದನ್ನು ಮೊದಲು ಹಿಡಿದುಕೊಂಡವರಲ್ಲಿ ಕಾರಿನ ಪೈಂಟರುಗಳೇ ಮುಖ್ಯ. ಆಗಿನ ಬಣ್ಣಗಳಲ್ಲಿ ಸೀಸ ಇರುತ್ತಿತ್ತು. ಒಣಗಿದ್ದನ್ನು ಉಜ್ಜಿದ ಹುಡಿ ಸೀದಾ ಎದೆಗೆ ಹೋಗುತ್ತಿತ್ತು. ನೀರು ಆ ಹುಡಿಯನ್ನು ಹಿಡಿದು ನೆಲಕ್ಕೆ ಇಳಿಸಿತು. ಒಂದು ಬಕೆಟ್ ನೀರು ಎಷ್ಟು ಜನರ ಉಸಿರು ಉಳಿಸಿರಬಹುದು ಅಲ್ವಾ.

ಒಂದು ದಿನ ನನ್ನಿಂದ ತಪ್ಪಾಯಿತು. ಮಾರ್ಚ್ ತಿಂಗಳು. ಬಲಬದಿಯ ಬಾಗಿಲಿನ ಕೆಳಭಾಗವನ್ನು ತಗಡಿನವರೆಗೆ ಉಜ್ಜಿ ಕನ್ನಡಿ ಮಾಡಿದ್ದೆ. ಸಂಜೆ ಶಾಲೆಯ ಮೀಟಿಂಗಿಗೆ ಹೋಗಬೇಕಿತ್ತು. ನಾಳೆ ಪ್ರೈಮರ್ ಹೊಡೆದರಾಯಿತು ಅಂತ ಬಿಟ್ಟೆ. ಬೆಳಗ್ಗೆ ನೋಡಿದರೆ ತಗಡಿನ ಮೇಲೆ ಕೇಸರಿ ಬಣ್ಣದ ತೆಳು ಮಂಜು ಕೂತ ಹಾಗಿತ್ತು. ಒಂದೇ ರಾತ್ರಿಯ ಇಬ್ಬನಿ. ನಾನು ಅಲ್ಲೇ ಕುಸಿದು ಕೂತೆ. ಇಚ್ಚ ಬೈಯಲಿಲ್ಲ. ಒಂದು 180ರ ಕಾಗದ ಹರಿದು ಕೈಗೆ ಕೊಟ್ಟರು. "ಬೆತ್ತಲೆ ಮಗುವನ್ನು ಇಬ್ಬನಿಯಲ್ಲಿ ಮಲಗಿಸುತ್ತೀರಾ ಮಾಷೆ?" ಅಂದರು. ಅಂದಿನಿಂದ ಬೆಳಗ್ಗೆ ಬಿಚ್ಚಿದ ತಗಡಿಗೆ ಸಂಜೆಯೊಳಗೆ ಪ್ರೈಮರ್ ಬೀಳಲೇಬೇಕು ಅಂತ ನಿಯಮ.

ಬರೀ ತಗಡಿಗೆ ಮೊದಲು ಎಪಾಕ್ಸಿ ಪ್ರೈಮರ್. ಅದರ ಕೆಲಸ ತಗಡನ್ನು ಗಟ್ಟಿ ಹಿಡಿದುಕೊಂಡು ನೀರನ್ನು ಹೊರಗೆ ನಿಲ್ಲಿಸುವುದು. ಅದರ ಮೇಲೆ ಸರ್ಫೇಸರ್. ಅದು ದಪ್ಪ, ಗೀರುಗಳನ್ನು ತುಂಬುತ್ತದೆ, ಉಜ್ಜಲು ಸಿಗುತ್ತದೆ. ಒಂದು ಹಿಡಿಯುವುದಕ್ಕೆ, ಇನ್ನೊಂದು ತುಂಬುವುದಕ್ಕೆ. ಎರಡನ್ನೂ ಒಂದೇ ಅಂದುಕೊಂಡು ಸರ್ಫೇಸರನ್ನು ಸೀದಾ ತಗಡಿಗೆ ಹೊಡೆದರೆ ನಮ್ಮ ಮಳೆಗಾಲಕ್ಕೆ ನಿಲ್ಲುವುದು ಕಷ್ಟ.

ಇಚ್ಚ ಗನ್ ಹಿಡಿಯುತ್ತಿದ್ದದ್ದು ಬೆಳಗ್ಗೆ ಹನ್ನೊಂದರಿಂದ ಮಧ್ಯಾಹ್ನ ಮೂರರೊಳಗೆ ಮಾತ್ರ. ಥಿನ್ನರ್ ಆರುವಾಗ ತಗಡು ತಣ್ಣಗಾಗುತ್ತದೆ. ಗಾಳಿಯಲ್ಲಿ ತೇವ ಜಾಸ್ತಿ ಇದ್ದರೆ ಅದು ಮೇಲೆ ಬೆವರಾಗಿ ಕೂರುತ್ತದೆ. ಇಬ್ಬನಿ ಕಟ್ಟುವ ಉಷ್ಣಾಂಶಕ್ಕಿಂತ ತಗಡು ಕನಿಷ್ಠ 3 ಡಿಗ್ರಿ ಬೆಚ್ಚಗಿರಬೇಕು ಅಂತ ಪೈಂಟ್ ಕೆಲಸದ ಲೆಕ್ಕ. ಇಚ್ಚನ ಬಳಿ ಅಳೆಯುವ ಸಾಧನ ಇಲ್ಲ. ಹಿಂಗೈಯನ್ನು ಬಾನೆಟ್‌ಗೆ ಒತ್ತಿ ನೋಡುತ್ತಾರೆ. ಸರ್ಫೇಸರ್ ಹೊಡೆಯುವ ದಿನ ನನ್ನನ್ನೂ ಅಪ್ಪನನ್ನೂ ಮನೆಯೊಳಗೆ ಕಳುಹಿಸಿ ಬಾಗಿಲು ಹಾಕಿಸಿದರು. ಅದರ ಹಾರ್ಡನರಿನಲ್ಲಿ ಐಸೊಸಯನೇಟ್ ಇರುತ್ತದೆ. ಅದು ಉಸಿರಿನಲ್ಲಿ ಹೋದರೆ ಅಸ್ತಮಾ ಬರಿಸಬಲ್ಲದು. ಬಟ್ಟೆಯ ಮಾಸ್ಕ್ ಅದನ್ನು ತಡೆಯುವುದಿಲ್ಲ. ಅವರೀಗ ಇದ್ದಿಲಿನ ಫಿಲ್ಟರ್ ಇರುವ ಮಾಸ್ಕನ್ನೇ ಹಾಕುತ್ತಾರೆ.

ಸರ್ಫೇಸರ್ ಒಣಗಿದ ಮೇಲೆ ಅದರ ಮೇಲೆ ಕಪ್ಪು ಬಣ್ಣವನ್ನು ದೂರದಿಂದ ಮಂಜಿನ ಹಾಗೆ ಹಾರಿಸಿದರು. ಚೆನ್ನಾಗಿರುವುದನ್ನು ಯಾಕೆ ಕಪ್ಪು ಮಾಡುತ್ತಾರೆ ಅನಿಸಿತು. ಆಮೇಲೆ ವಾಟರ್ ಪೇಪರಿನಲ್ಲಿ ಉಜ್ಜಲು ಹೇಳಿದರು, ಮೊದಲು 400. ಉಬ್ಬಿದ ಕಡೆ ಕಪ್ಪು ಬೇಗ ಹೋಗುತ್ತದೆ. ತಗ್ಗಿನಲ್ಲಿ ಉಳಿಯುತ್ತದೆ. ಕಣ್ಣಿಗೆ ಕಾಣದ್ದನ್ನೆಲ್ಲ ಅದು ತೋರಿಸಿಕೊಡುತ್ತದೆ. ಬಾನೆಟ್ ಮೇಲೆ ಒಂದಕ್ಕೊಂದು ಸಮಾನಾಂತರವಾಗಿ ಮೂರು ಕಪ್ಪು ಪಟ್ಟೆಗಳು ಉಳಿದವು. ನೋಡಿದರೆ ನನ್ನ ಮೂರು ಬೆರಳುಗಳ ಅಗಲ! ಮೊದಲು ಬರಿಗೈಯಲ್ಲಿ ಕಾಗದ ಒತ್ತಿ ಉಜ್ಜಿದಾಗ ಬೆರಳುಗಳ ಕೆಳಗೆ ಕಾಲುವೆ ಬಿದ್ದಿತ್ತು. ಇಚ್ಚ ತಮ್ಮ ಚೀಲದಿಂದ ಹವಾಯಿ ಚಪ್ಪಲಿಯ ತುಂಡೊಂದನ್ನು ತೆಗೆದು ಕೊಟ್ಟರು. ಕಾಗದವನ್ನು ಅದಕ್ಕೆ ಸುತ್ತಿ, ಓರೆಯಾಗಿ, ಒಮ್ಮೆ ಹೀಗೆ ಒಮ್ಮೆ ಹಾಗೆ. ಎರಡು ದಿನ ಬರೀ ಬಾನೆಟ್.

ಒದ್ದೆಯಾಗಿರುವಾಗ ಎಲ್ಲವೂ ಚೆಂದ ಕಾಣುತ್ತದೆ. ನೀರು ತಗ್ಗುಗಳನ್ನು ತುಂಬಿ ಹೊಳೆಯುತ್ತದೆ, ಕಣ್ಣು ನಂಬಿ ಬಿಡುತ್ತದೆ. ಹಾಗಾಗಿ ಒರೆಸಿ ಒಣಗಿಸಿ, ತೆಳು ಬಟ್ಟೆಯ ಮೇಲೆ ಅಂಗೈ ಇಟ್ಟು, ನಿಧಾನ ಸವರಬೇಕು. ಬಟ್ಟೆ ಯಾಕೆ ಅಂದರೆ ಚರ್ಮ ಜಾರದೆ ತಡವರಿಸುತ್ತದೆ, ಬಟ್ಟೆ ಜಾರುತ್ತದೆ. ಆಗ ಸಣ್ಣ ಉಬ್ಬು ತಗ್ಗು ಅಂಗೈಗೆ ತಿಳಿಯುತ್ತದೆ. ಮೊದಮೊದಲು ನನಗೆ ಏನೂ ತಿಳಿಯುತ್ತಿರಲಿಲ್ಲ. ಹತ್ತು ಹನ್ನೆರಡು ದಿನಗಳ ಮೇಲೆ ಒಂದು ಸಂಜೆ, ಕತ್ತಲಾಗುವ ಹೊತ್ತಿಗೆ, ಎಡಬಾಗಿಲಿನ ಹಿಡಿಯ ಕೆಳಗೆ ಒಂದು ತಗ್ಗು ಸಿಕ್ಕಿತು. ಕಣ್ಣಿಗೆ ಏನೂ ಕಾಣುತ್ತಿರಲಿಲ್ಲ. ಇಚ್ಚನನ್ನು ಕರೆದೆ. ಅವರು ಸವರಿ ನೋಡಿ ತಲೆಯಾಡಿಸಿದರು. ಆ ಸಂತೋಷವನ್ನು ಹೇಗೆ ಬರೆಯುವುದೋ ಗೊತ್ತಾಗುತ್ತಿಲ್ಲ.

ಈಗ ಕಾರು ಇಡೀ ಬೂದು. 600ರಲ್ಲಿ ಕೊನೆಯ ಉಜ್ಜು ಮುಗಿದಿದೆ. ಬಣ್ಣ ಅದೇ ಬಿಳಿ, ಆರ್‌ಸಿಯಲ್ಲಿ ಏನೂ ಬದಲಿಸಬೇಕಾಗಿಲ್ಲ. ಪಶ್ಚಿಮದಲ್ಲಿ ಮೋಡ ಕಟ್ಟುತ್ತಿದೆ, ಬೇಸಿಗೆ ಮಳೆ ಬರುವ ಮೊದಲು ಮುಗಿಸಬೇಕು. ನಿನ್ನೆ ಗಾಜು, ರಬ್ಬರ್ ಎಲ್ಲ ಮುಚ್ಚುವ ಕೆಲಸ. ಮಾಸ್ಕಿಂಗ್ ಟೇಪಿನ ಹುಟ್ಟೂ ಈ ವಾಟರ್ ಪೇಪರಿನಿಂದಲೇ. ತ್ರೀಎಂನ ರಿಚರ್ಡ್ ಡ್ರೂ ಎಂಬ ಹುಡುಗ ಉಜ್ಜುವ ಕಾಗದದ ಸ್ಯಾಂಪಲ್ ಕೊಡಲು ಸೇಂಟ್ ಪಾಲ್ ಊರಿನ ಗ್ಯಾರೇಜಿಗೆ ಹೋಗಿದ್ದ. ಎರಡು ಬಣ್ಣದ ಕಾರಿಗೆ ಅಂಟಿಸಿದ ಕಾಗದ ಕೀಳುವಾಗ ಹೊಸ ಬಣ್ಣವೂ ಕಿತ್ತು ಬಂದು ಪೈಂಟರುಗಳು ಒದ್ದಾಡುವುದನ್ನು ಕಂಡ. 1925ರಲ್ಲಿ ಈ ಟೇಪ್ ಮಾಡಿದ.

ಡಿಕ್ಕಿಯ ಬಾಗಿಲು ಎತ್ತಿದಾಗ ಒಳಬದಿಯಲ್ಲಿ ಕಪ್ಪು ಮಾರ್ಕರಿನಲ್ಲಿ ಬರೆದ ಅಕ್ಷರ ಕಂಡಿತು. ಅಪ್ಪನ ಕೈಬರಹ. 'ತುತ್ತು 1, ಸುಣ್ಣ 1, ನೀರು 100.' ನೂರು ಲೀಟರ್ ಬೋರ್ಡೋವಿನ ಲೆಕ್ಕ. ನನ್ನ ಕೈಯಲ್ಲಿ ಕಾಗದ ಇತ್ತು. ಇಚ್ಚ ಬ್ಲೇಡಿನ ತುದಿಯಿಂದ ಪಕ್ಕದಲ್ಲಿ ಗೀರಿದರು, ಬೆರಳಿನಿಂದ ತಟ್ಟಿದರು. ಕಾರ್ಖಾನೆಯ ಬಣ್ಣ, ಒಂದು ಗುಳ್ಳೆಯೂ ಇಲ್ಲ. ಅವರು ನನ್ನ ಮುಖ ನೋಡಲೇ ಇಲ್ಲ. ಟೇಪ್ ಹರಿದು, ಪೇಪರಿನ ತುಂಡೊಂದನ್ನು ಅಕ್ಷರದ ಮೇಲೆ ಇಟ್ಟು, ನಾಲ್ಕು ಅಂಚನ್ನೂ ಉಗುರಿನಿಂದ ಒತ್ತಿ ಕೂರಿಸಿದರು.

ಜಗಲಿಯಿಂದ ಅಪ್ಪ ಕೇಳಿದರು, "ಅಲ್ಲಿ ಲೆಕ್ಕ ಬರೆದದ್ದು ಇದೆಯಾ ಇನ್ನೂ?"

"ಉಂಟು ಅಪ್ಪ."

"ಕತ್ತಿ ಅದ್ದಿ ನೋಡ್ಬೇಕು ಅಂತ ಬರೆದಿಲ್ಲ ಅಲ್ವಾ ಅದರಲ್ಲಿ?"

"ಇಲ್ಲ ಅಪ್ಪ."

"ಅದು ಬರೆಯುವಂಥದ್ದಲ್ಲ" ಅಂದರು. ಆಮೇಲೆ ಕೋಲೂರಿಕೊಂಡು ಎದ್ದು ಅಂಗಳಕ್ಕೆ ಬಂದರು. ಹೆಗಲ ಮೇಲಿದ್ದ ಬೈರಾಸನ್ನು ತೆಗೆದು ಬಾನೆಟ್ ಮೇಲೆ ಹಾಸಿ, ಅದರ ಮೇಲೆ ಅಂಗೈ ಇಟ್ಟು, ಮೆಲ್ಲಗೆ ಸವರತೊಡಗಿದರು.